ಮಾರಿಯೋಗೆ ಮೀಸೆ ಯಾಕೆ?

ವಿಡಿಯೊ ಗೇಮ್‌ನ ಮಾರಿಯೋಗೆ ಅಷ್ಟು ದಪ್ಪ ಮೀಸೆ, ಟೋಪಿ ಯಾಕೆ ಅಂತ ನಿಮ್ಮ ಮಗಳು ಕೇಳಿದಳು ಅಂದಿರಲ್ಲ, ಒಳ್ಳೇ ಪ್ರಶ್ನೆ ಕೇಳಿದ್ದಾಳೆ. 1981ರ 'ಡಾಂಕಿ ಕಾಂಗ್' ಆಟಕ್ಕೆ ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ವಿನ್ಯಾಸಕ ಶಿಗೆರು ಮಿಯಾಮೊಟೊ ಅವನನ್ನು ಬಿಡಿಸಿದಾಗ ಸಿಕ್ಕ ಜಾಗ ಉದ್ದಕ್ಕೆ 16, ಅಗಲಕ್ಕೆ 16 ಚುಕ್ಕಿ, ಅಷ್ಟೇ. ಅದರೊಳಗೆ ಬಾಯಿ ಬಿಡಿಸುವುದು ಕಷ್ಟ, ಅದಕ್ಕೇ ದಪ್ಪ ಮೂಗಿನ ಕೆಳಗೆ ಮೀಸೆ. ಹಾರುವಾಗ ಕೂದಲು ಅಲುಗಾಡಿಸುವ ತಾಪತ್ರಯ ಬೇಡ ಅಂತ ಟೋಪಿ. ಕೈ ಬೀಸುವುದು ಎದ್ದು ಕಾಣಲಿ ಅಂತ ಅಂಗಿಗೊಂದು ಬಣ್ಣ, ಓವರಾಲ್ಸ್‌ಗೆ (ಭುಜಪಟ್ಟಿ ಇರುವ ಪ್ಯಾಂಟಿಗೆ) ಇನ್ನೊಂದು. ಆ ಆಟದಲ್ಲಿ ಅಂಗಿ ನೀಲಿ, ಓವರಾಲ್ಸ್ ಕೆಂಪು, ಈಗಿನದರ ತಿರುವುಮುರುವು.

ಮೊನ್ನೆ ಮಡಿಕೇರಿಯಲ್ಲಿ ಮಳೆಗೆ ಶಾಲೆಗೆ ರಜೆ ಕೊಟ್ಟಾಗ ನನ್ನ ಮಗನಿಗೆ ಗ್ರಾಫ್ ಹಾಳೆ ಕೊಟ್ಟು ಮಾರಿಯೋ ಬಿಡಿಸಲು ಕೂರಿಸಿದೆ. ಬಾಯಿಗೆ ಒಂದು ಚೌಕ ತುಂಬಿದರೆ ಮುಖಕ್ಕೆ ತೂತು ಬಿದ್ದ ಹಾಗಿತ್ತು. ಪಕ್ಕದ ಮೂರು ಚೌಕಕ್ಕೂ ಕಪ್ಪು ಬಳಿದ, ಮಾರಿಯೋ ಬಂದೇಬಿಟ್ಟ! ನಿಮ್ಮ ಮಗಳಿಗೂ ಹೀಗೇ ಮಾಡಿಸಿ.

ಇನ್ನೊಂದು ವಿಷಯ, ಮೊದಲು ಅವನು ಬಡಗಿ, ಹೆಸರು ಜಂಪ್‌ಮ್ಯಾನ್. ಪ್ಲಂಬರ್ ಆದದ್ದು 1983ರ 'ಮಾರಿಯೋ ಬ್ರದರ್ಸ್'ನಲ್ಲಿ. ಮಾರಿಯೋ ಅನ್ನೋ ಹೆಸರು ಅಮೆರಿಕದಲ್ಲಿ ನಿಂಟೆಂಡೊಗೆ ಗೋದಾಮು ಬಾಡಿಗೆಗೆ ಕೊಟ್ಟಿದ್ದ ಮಾರಿಯೋ ಸೆಗಾಲಿ ಅವರದು.