ಆ ನಾಯಿಯನ್ನು ಮನೆಗೆ ತರಬೇಡಿ

ಅಕ್ಕ ಅಂತ ಕರೆದು ಕೇಳಿದ್ದೀರಿ, ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಬೇಡ. ಇಂಗ್ಲೆಂಡಿನ ಸ್ವಿಂಡನ್‌ಗೆ ಬಂದು ನಿಮಗಿನ್ನೂ ನಾಲ್ಕು ತಿಂಗಳು. ಪಕ್ಕದ ಮನೆಯವರು ಲೀಡ್ಸ್‌ಗೆ ಹೋಗುತ್ತಿದ್ದಾರೆ, ತಮ್ಮ ಎಕ್ಸ್ಎಲ್ ಬುಲ್ಲಿ ಅನ್ನುವ ದೊಡ್ಡ, ದಷ್ಟಪುಷ್ಟ ನಾಯಿಯನ್ನು ನಿಮಗೇ ಬಿಟ್ಟು ಹೋಗುತ್ತೇವೆ ಅನ್ನುತ್ತಿದ್ದಾರೆ, ಕಾಗದಪತ್ರ ಎಲ್ಲಾ ಸರಿಯಿದೆ, ಮಗಳಿಗೂ ಅದು ಒಗ್ಗಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ.

ಕಾಗದ ಸರಿಯೇ ಇರಬಹುದು. ಆದರೆ ಅದು ಅವರ ಹೆಸರಿನದು, ನಿಮ್ಮದಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2024ರ ಫೆಬ್ರವರಿ 1ರಿಂದ ವಿನಾಯಿತಿ ಪತ್ರ ಇಲ್ಲದೆ ಈ ನಾಯಿ ಸಾಕುವುದೇ ಅಪರಾಧ. ಆಗ ನಾಯಿ ಇದ್ದವರು ಜನವರಿ 31ರೊಳಗೆ 92 ಪೌಂಡ್ 40 ಪೆನ್ಸ್ ಕಟ್ಟಿ ಅರ್ಜಿ ಹಾಕಿದರು, ನಾಯಿಯ ಮೈಯೊಳಗೆ ಗುರುತಿನ ಚಿಪ್ ಹಾಕಿಸಿದರು, ಇನ್ಶೂರೆನ್ಸ್ ತೆಗೆದುಕೊಂಡರು, ಸಂತಾನಹರಣ ಮಾಡಿಸಿದರು, ಹಾಗೆ ಉಳಿಸಿಕೊಂಡರು. ಆ ಅರ್ಜಿ ಈಗ ಇಲ್ಲ. ಮಾರುವುದಷ್ಟೇ ಅಲ್ಲ, ಪುಕ್ಕಟೆ ಕೊಡುವುದೂ ತಪ್ಪು. ಕೊಟ್ಟವರಿಗೂ ತೊಂದರೆ, ಇಟ್ಟುಕೊಂಡವರಿಗೂ ತೊಂದರೆ. ನೀವು ವೀಸಾ ಮೇಲೆ ಇದ್ದೀರಿ ಅನ್ನುವುದನ್ನು ಮರೆಯಬೇಡಿ. ಶಿಕ್ಷೆಯಾದರೆ ಮುಂದಿನ ಅರ್ಜಿಯಲ್ಲಿ ಅದನ್ನು ಬರೆಯಲೇಬೇಕು.

ಅವರಿಗೆ ಒಂದು ಮಾತು ಹೇಳಿ. ಹೊಸ ವಿಳಾಸವನ್ನು ಸರ್ಕಾರದ ಡೆಫ್ರಾ ಇಲಾಖೆಗೆ ತಿಳಿಸಿದರೆ ನಾಯಿಯನ್ನು ಜೊತೆಗೇ ಕರೆದುಕೊಂಡು ಹೋಗಬಹುದು. ಪಾಪ, ನಾಲ್ಕು ವರ್ಷ ಅವರ ಕೈಯಲ್ಲೇ ಬೆಳೆದ ನಾಯಿ ಅದು.

ಬೆಂಗಳೂರಿನಲ್ಲಿ ಹೈಕೋರ್ಟ್ ನಾಯಿ ತಳಿಗಳ ನಿಷೇಧವನ್ನು ರದ್ದು ಮಾಡಿತಲ್ಲ, ಇಲ್ಲೂ ಹಾಗಾಗಬಹುದಲ್ವಾ ಅಂತಲೂ ಕೇಳಿದ್ದೀರಿ. ಅದು ಬೇರೆ, ಇದು ಬೇರೆ. 2024ರ ಮಾರ್ಚ್‌ನಲ್ಲಿ 23 ತಳಿಗಳ ಮೇಲೆ ಕೇಂದ್ರ ಹೊರಡಿಸಿದ್ದು ಬರೀ ಸುತ್ತೋಲೆ. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅಂತ ನಮ್ಮ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ತೆಗೆದುಹಾಕಿತು. ಇಲ್ಲಿಯದು 1991ರಲ್ಲಿ ಪಾರ್ಲಿಮೆಂಟ್ ಮಾಡಿದ ಕಾಯ್ದೆ. ಪಿಟ್‌ಬುಲ್, ಜಪಾನಿನ ತೋಸಾ, ಡೋಗೊ ಅರ್ಜೆಂಟೀನೊ, ಫಿಲಾ ಬ್ರಸಿಲೆರೊ ಅಂದಿನಿಂದಲೂ ಪಟ್ಟಿಯಲ್ಲಿವೆ. ಬುಲ್ಲಿ ಐದನೆಯದು.

ಸರಿ, ಹಾಗಾದರೆ ಮರಿ ತರೋಣ ಅಂತ ಯೋಚಿಸಿದರೆ ಇನ್ನೂ ಹುಷಾರಾಗಿರಿ, ಜನ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಈ ಕಾನೂನು ತಳಿಯ ಹೆಸರು ನೋಡುವುದಿಲ್ಲ, ಅಪ್ಪ ಅಮ್ಮನ ಪತ್ರವನ್ನೂ ನೋಡುವುದಿಲ್ಲ. ಆಕಾರ ನೋಡುತ್ತದೆ. ಗಂಡಾದರೆ ಹೆಗಲ ಹತ್ತಿರ 20 ಇಂಚು, ಹೆಣ್ಣಾದರೆ 19 ಇಂಚು ಎತ್ತರ ಮುಟ್ಟಿ, ಅಗಲ ತಲೆ, ತುಂಬಿದ ಮೈಕಟ್ಟು ಇದ್ದರೆ ಅದು ಎಕ್ಸ್ಎಲ್ ಬುಲ್ಲಿ ಅನ್ನಿಸಿಕೊಳ್ಳಬಹುದು. ಅಲ್ಲ ಅಂತ ಸಾಬೀತು ಮಾಡಬೇಕಾದವರು ನೀವು. ಎಂಟು ವಾರದ ಮರಿಯನ್ನು ನೋಡಿ ಇದನ್ನೆಲ್ಲ ಹೇಗೆ ಹೇಳುತ್ತೀರಿ? ನಮ್ಮ ಬೀದಿಯಲ್ಲೇ ಒಂದು ಮನೆಯವರು 'ಮಿಶ್ರ ತಳಿ' ಅಂತ ನಂಬಿ ಮರಿ ತಂದರು. ಅದು ಬೆಳೆಯಿತು, ಯಾರೋ ದೂರು ಕೊಟ್ಟರು, ಒಂದು ಬೆಳಿಗ್ಗೆ ಪೊಲೀಸರು ಬಂದು ಕರೆದೊಯ್ದರು. ಅದು ಯಾರನ್ನೂ ಕಚ್ಚಿರಲಿಲ್ಲ. ಕೋರ್ಟಿನಲ್ಲಿ ತೀರ್ಮಾನವಾಗುವ ತನಕ ತಿಂಗಳುಗಟ್ಟಲೆ ನಾಯಿಗಳನ್ನು ಕೂಡಿಡುವ ಕೆನಲ್‌ನಲ್ಲಿತ್ತು. ಕೊನೆಗೆ ಬದುಕಿ ಬಂತು, ಆದರೆ ಹೊರಗೆ ಹೋಗುವಾಗ ಬಾಯಿಗೆ ಕುಕ್ಕೆ, ಕೊರಳ ಬೆಲ್ಟಿಗೆ ಹಗ್ಗ, ಹಿಡಿಯುವವರಿಗೆ 16 ವರ್ಷ ಆಗಿರಲೇಬೇಕು. ಆ ಮನೆಯ ಹುಡುಗನಿಗೆ 12. ಅದನ್ನು ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದವನೇ ಅವನು.

ನನಗೆ ಈ ಕಾನೂನು ಒಪ್ಪಿಗೆಯಿಲ್ಲ. ಪ್ರಾಣಿ ದಯಾ ಸಂಸ್ಥೆ ಆರ್‌ಎಸ್‌ಪಿಸಿಎ, ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್, ಪಶುವೈದ್ಯರ ಸಂಘ, ಎಲ್ಲರೂ ತಳಿ ನೋಡಬೇಡಿ, ನಾಯಿಯ ನಡತೆ ನೋಡಿ, ಸಾಕುವವರನ್ನು ನೋಡಿ ಅಂತಲೇ ಹೇಳುತ್ತಾ ಬಂದಿದ್ದಾರೆ. ಆದರೆ ಈ ನಾಯಿಗಳ ದಾಳಿಯಲ್ಲಿ ಮಕ್ಕಳೂ ಸತ್ತಿದ್ದಾರೆ. ಆ ತಾಯಂದಿರ ಎದುರು ನಿಂತು ಕಾನೂನು ಬೇಡ ಅನ್ನುವ ಧೈರ್ಯ ನನಗಿಲ್ಲ.

ನಾಯಿ ಬೇಕೇ ಬೇಕು ಅಂದರೆ ರೇಸಿನಿಂದ ನಿವೃತ್ತಿಯಾದ ಗ್ರೇಹೌಂಡ್ ನೋಡಿ. ಮುಧೋಳ ನಾಯಿ ಕಂಡವರಿಗೆ ಆ ಮೈಕಟ್ಟು ಹೊಸದೇನಲ್ಲ. ದಿನಕ್ಕೆ ಎರಡು ಸಲ ಓಡಾಡಿಸಿದರೆ ಉಳಿದ ಹೊತ್ತೆಲ್ಲಾ ಸೋಫಾ ಮೇಲೆ ಮಲಗಿರುತ್ತದೆ. ಮೊದಲು ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ. ಆಮೇಲೆ ಹತ್ತಿರದ ಆಶ್ರಯ ಕೇಂದ್ರಕ್ಕೆ ಒಂದು ಶನಿವಾರ ಮಗಳನ್ನೂ ಕರೆದುಕೊಂಡು ಹೋಗಿ.