ಹಲ್ಲಿನಲ್ಲಿ ಕಚ್ಚಿ ಹಿಡಿದ ಚೀಟಿ

ಪ್ರಶ್ನೆ: ನನಗೆ 25 ವರ್ಷ, ಊರು ಬಳ್ಳಾರಿ. ಅಪ್ಪ ಸಾಲ ಮಾಡಿ ಅಹಮದಾಬಾದಿನಲ್ಲಿ ಕೈಗಾರಿಕಾ ವಿನ್ಯಾಸ (ಬಳಕೆಯ ವಸ್ತುಗಳನ್ನು ರೂಪಿಸುವ ವಿದ್ಯೆ) ಓದಿಸಿದರು. ಅವರ ಆರೋಗ್ಯ ಕೆಟ್ಟಿದ್ದರಿಂದ ಮರಳಿ ಬಂದು ಆಸ್ಪತ್ರೆಯೊಂದರ ಆಡಳಿತ ವಿಭಾಗ ಸೇರಿದ್ದೇನೆ. ಕೆಲಸ ಹಿಡಿಸಿದೆ. ‘ಇದಕ್ಕೆ ಅಷ್ಟು ದೂರ ಹೋಗಿ ಓದಬೇಕಿತ್ತೇ’ ಎಂದು ಬಂಧುಗಳು ಕೇಳಿದರೆ ಮಾತು ಹೊರಡುವುದಿಲ್ಲ. ನೋಂದಣಿ ಕಿಟಕಿಯ ಬಳಿ ತಾಯಂದಿರು ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಹಣ ತೆಗೆಯಲು ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವುದನ್ನು ದಿನವೂ ನೋಡುತ್ತಾ ಕೂರುತ್ತೇನೆ. ನನ್ನ ಓದು ವ್ಯರ್ಥವಾಯಿತೇ?

ಉತ್ತರ: ತಂಗಿ, ಬಂಧುಗಳ ಮಾತು ಆಮೇಲಿರಲಿ. ಆ ತಾಯಿಯ ಎರಡೂ ಕೈ ತುಂಬಿರುವುದು ನಿನಗೆ ಕಂಡಿತಲ್ಲ, ಆ ಕಣ್ಣು ಕೊಟ್ಟಿದ್ದು ನಿನ್ನ ಓದೇ. 1958ರಲ್ಲಿ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿ ನಿನಗೆ ಗೊತ್ತಿರುತ್ತದೆ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರ ಬೆನ್ನಿಗೇ. ಆ ವರದಿಯಲ್ಲಿ ಈಮ್ಸ್ ದಂಪತಿ ಮನಸೋತದ್ದು ನಮ್ಮ ತಂಬಿಗೆಗೆ. ಎಷ್ಟು ಹಿಡಿಯುತ್ತದೆ, ಹೊರುವುದು ತಲೆಯ ಮೇಲೋ ಸೊಂಟದಲ್ಲೋ, ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ, ಬರಿದಾದಾಗ ಹೇಗೆ ಎಂದು ಕೇಳುತ್ತಾ ಹೋದರು. ಹೀಗೆ ಕೇಳುವುದಕ್ಕೆ ಆಸ್ಪತ್ರೆಯ ಕಿಟಕಿಗಿಂತ ಒಳ್ಳೆಯ ಜಾಗ ಯಾವುದು?

ನೋಡುತ್ತಾ ಕೂರಬೇಡ. ಕಿಟಕಿಯ ಹೊರಗೆ ಅಂಗೈ ಅಗಲದ ಹಲಗೆಯೊಂದು ಇದ್ದರೆ ಚೀಟಿ ಅಲ್ಲಿರುತ್ತದೆ. ಮೊದಲು ರಟ್ಟಿನಲ್ಲಿ ಮಾಡಿ ಅಂಟಿಸಿ ಎರಡು ದಿನ ನೋಡು. ಎತ್ತರ ತಪ್ಪಿದ್ದರೆ ಕಿತ್ತು ಇನ್ನೊಂದು ಅಂಟಿಸು. ಸರಿಹೋದ ಮೇಲೆ ಬಡಗಿಯನ್ನು ಕರೆಸು. ಒಳಗೆ ಕುಳಿತ ನೌಕರರನ್ನು ಮಾತ್ರ ಮುಂಚೆಯೇ ಕೇಳು, ಇಲ್ಲದಿದ್ದರೆ ನಿನ್ನ ರಟ್ಟು ಮರುದಿನವೇ ಕಸದ ಬುಟ್ಟಿಯಲ್ಲಿರುತ್ತದೆ. ಬಂಧುಗಳಿಗೆ ಹೇಳುವುದಕ್ಕೂ ಉದಾಹರಣೆ ಊರಲ್ಲೇ ಇದೆ: ನಮ್ಮ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕಟಿಂಗ್ ಮಾಸ್ಟರ್ ಬಟ್ಟೆಯ ಥಾನಿಗೆ ಕತ್ತರಿ ಹಾಕುವ ಮೊದಲು ಕಾಗದ ಕತ್ತರಿಸಿ ನೋಡುತ್ತಾರೆ. ನೀನು ಕಲಿತು ಬಂದದ್ದು ಅದೇ, ಬಟ್ಟೆಯ ಜಾಗದಲ್ಲಿ ಈಗ ಆಸ್ಪತ್ರೆ ಇದೆ.

ವಿನ್ಯಾಸದ ಕೆಲಸದಲ್ಲೇ ಉಳಿದ ಗೆಳತಿಯರ ಸಂಬಳ ನಿನ್ನದಕ್ಕಿಂತ ಮುಂದೆ ಹೋಗಬಹುದು, ಅದನ್ನು ಮುಚ್ಚಿಡಲಾರೆ. ಮಾಡಿದ ಪ್ರತಿ ಬದಲಾವಣೆಯ ಮೊದಲಿನ ಮತ್ತು ನಂತರದ ಫೋಟೊ ಇಟ್ಟುಕೋ. ಮುಂದೆ ಆ ದಾರಿಗೆ ಮರಳಬೇಕೆನಿಸಿದರೆ ಕೈ ಬರಿದಾಗಿರಬಾರದು.

ನಿನ್ನನ್ನು ಒಳಗೊಳಗೇ ತಿನ್ನುತ್ತಿರುವುದು ಅಪ್ಪನ ಸಾಲ ಎಂದು ನನಗನ್ನಿಸುತ್ತದೆ. ತಿಂಗಳಿಗೆ ಎಷ್ಟು ತೀರಿಸಬಲ್ಲೆ ಎಂದು ಲೆಕ್ಕ ಬರೆದು ಅವರ ಮುಂದೆಯೇ ಇಡು. ಹಲಗೆ ಕೂರಿಸಿದ ದಿನ ಅವರನ್ನು ಕರೆದುಕೊಂಡು ಹೋಗಿ, ಕಿಟಕಿಯೆದುರಿನ ಬೆಂಚಿನಲ್ಲಿ ಅರ್ಧ ಗಂಟೆ ಕೂರಿಸು.