ಗುಡ್ಡ ಅಗೆದ ಮೇಲೆ ಅನುಮತಿಯೇ?

ಪ್ರಶ್ನೆ: ದಸರಾ ಮುಗಿದ ವಾರದಿಂದ ನಮ್ಮೂರ ಗುಡ್ಡದಲ್ಲಿ ಕಲ್ಲು ಕ್ವಾರಿ ನಡೆಯುತ್ತಿದೆ. ಸಿಡಿತಕ್ಕೆ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿದೆ, ಕಣದಲ್ಲಿ ಒಣಗಲು ಹಾಕಿದ ರಾಗಿಯ ಮೇಲೆಲ್ಲ ದೂಳು. ಪರಿಸರ ಅನುಮತಿ ಎಲ್ಲಿ ಎಂದು ಕೇಳಿದರೆ, ‘ಆಮೇಲೆ ಪಡೆಯಬಹುದು, ಸುಪ್ರೀಂ ಕೋರ್ಟೇ ಒಪ್ಪಿದೆ’ ಎನ್ನುತ್ತಾರೆ. ನಿಜವೇ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ನಿಮಗೆ ಹೇಳಿದ್ದು ಅರ್ಧ ಸತ್ಯ. ಉಳಿದರ್ಧವನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ.

ಕೆಲಸ ಆರಂಭಿಸುವ ಮೊದಲೇ ಪರಿಸರ ಅನುಮತಿ ಪಡೆಯಬೇಕು ಎಂಬುದು ಕೇಂದ್ರ ಸರ್ಕಾರದ 2006ರ ಅಧಿಸೂಚನೆಯ ತಿರುಳು. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಅದು ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿಯೇ ಹೇಳಿದೆ. ಆದರೆ ತಪ್ಪು ಮಾಡಿದವರಿಗೆ ಆಮೇಲೆ ಅನುಮತಿ ಕೊಡುವ ಬಾಗಿಲನ್ನು ಕೇಂದ್ರ ಸರ್ಕಾರ 2017 ಮತ್ತು 2021ರಲ್ಲಿ ತೆರೆಯಿತು. 2025ರ ಮೇ 16ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಓಕಾ ಮತ್ತು ಭುಯಾನ್ ಅದನ್ನು ಮುಚ್ಚಿದರು. ಅದೇ ವರ್ಷ ನವೆಂಬರ್ 18ರಂದು ಮೂವರ ಪೀಠ 2:1 ಬಹುಮತದಿಂದ ಆ ತೀರ್ಪನ್ನೇ ಹಿಂಪಡೆದು, ವಿಷಯದ ಮರುವಿಚಾರಣೆಗೆ ದಾರಿ ಮಾಡಿತು. ಭಿನ್ನಮತ ಬರೆದವರು ಅದೇ ಭುಯಾನ್. ನನ್ನ ಮನಸ್ಸು ಅವರ ಪರವಾಗಿದೆ. ಸಿಡಿಸಿದ ಬಂಡೆಯನ್ನು ಯಾವ ದಂಡವೂ ಮತ್ತೆ ಕೂಡಿಸದು.

ಹಾಗಿದ್ದರೂ ಅನುಮತಿಯಿಲ್ಲದೆ ಇವತ್ತು ಕಲ್ಲು ಒಡೆಯುವ ಹಕ್ಕು ನವೆಂಬರಿನ ಆದೇಶದಿಂದ ಯಾರಿಗೂ ಸಿಕ್ಕಿಲ್ಲ. ಆ ಬಾಗಿಲು ತೆರೆದ 2021ರ ಸುತ್ತೋಲೆ ಕೂಡ ಮೊದಲು ಕೆಲಸ ನಿಲ್ಲಿಸಬೇಕು ಎನ್ನುತ್ತದೆ.

ನನ್ನ ಆತಂಕ ಬೇರೆಯದು: ದಿನಗಳು ಉರುಳುತ್ತಿವೆ. ಪರಿಸರದ ವ್ಯಾಜ್ಯಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಕಾಯ್ದೆಯ 14ನೇ ಕಲಮಿನ ಪ್ರಕಾರ, ದೂರಿಗೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅಷ್ಟೇ. ಹಿಂದೊಮ್ಮೆ ಇಂಥದ್ದೇ ಕ್ವಾರಿಯ ವಿಷಯದಲ್ಲಿ ಒಂದು ಹಳ್ಳಿಯವರಿಗೆ ‘ಕಚೇರಿಯ ಉತ್ತರ ಬರಲಿ, ಕಾಯೋಣ’ ಎಂದವನು ನಾನೇ. ಉತ್ತರ ಬರುವಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿದ್ದವು. ಅರ್ಜಿ ಹೊಸ್ತಿಲಲ್ಲೇ ಬಿದ್ದುಹೋಯಿತು. ಆ ಊರಿನ ದಾರಿಯಲ್ಲಿ ಹೋಗುವಾಗ ಇಂದಿಗೂ ನನಗೆ ಗುಡ್ಡದ ಕಡೆ ನೋಡಲಾಗುವುದಿಲ್ಲ.

ನಿಮಗೆ ಯುಗಾದಿ ಕಳೆದು ಕೆಲವು ದಿನಗಳಿಗೇ ಆರು ತಿಂಗಳು ತುಂಬುತ್ತದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ, ಆದರೆ ಅವರ ಉತ್ತರಕ್ಕಾಗಿ ಕಾಯಬೇಡಿ. ಅನುಮತಿ ಇದೆಯೋ ಇಲ್ಲವೋ ಎಂಬುದನ್ನು ಕೇಂದ್ರದ ‘ಪರಿವೇಶ್’ ಜಾಲತಾಣದಲ್ಲಿ ಹುಡುಕಬಹುದು. ನಮಗೆ ಸಲ್ಲುವುದು ಹಸಿರು ನ್ಯಾಯಮಂಡಳಿಯ ಚೆನ್ನೈನ ದಕ್ಷಿಣ ವಲಯ ಪೀಠ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಪರಿಹಾರ ಕೇಳದಿದ್ದರೆ ಶುಲ್ಕ 1,000 ರೂಪಾಯಿ. ಗೋಡೆಯ ನಷ್ಟಕ್ಕೆ ಪರಿಹಾರ ಕೇಳಲು 15ನೇ ಕಲಮಿನಲ್ಲಿ ಐದು ವರ್ಷಗಳ ಅವಕಾಶವಿದೆ, ಆ ಬಗ್ಗೆ ಅವಸರ ಬೇಡ. ಆದರೆ ಬಿರುಕಿಗೆ ಸುಣ್ಣ ಬಳಿಯುವ ಮೊದಲು ಆ ದಿನದ ಪತ್ರಿಕೆಯನ್ನು ಪಕ್ಕದಲ್ಲಿ ಹಿಡಿದು ಫೋಟೊ ತೆಗೆದಿಡಿ.